ದೋಷವಿಲ್ಲದ ನಾಯಕನೇ ಜನರಿಗೆ ಬೇಕು ಎಂಬುದು ನಿಜವೇ?

ಇಂದಿನ ಜನಪ್ರಿಯ ಚಿತ್ರಗಳ ನಾಯಕನಲ್ಲಿ ಒಂದು ಕುಂದೂ ಇರುವುದಿಲ್ಲ, ಮೊದಲ ದೃಶ್ಯದಲ್ಲಿ ಹೇಗಿದ್ದನೋ ಕೊನೆಯ ದೃಶ್ಯದಲ್ಲಿಯೂ ಹಾಗೆಯೇ ಇರುತ್ತಾನೆ, ಪಾತ್ರಪೋಷಣೆ ಎಂಬುದೇ ಕಾಣುವುದಿಲ್ಲ, ಹೀಗೇಕೆ ಎಂದರೆ ‘ಜನರಿಗೆ ಅದೇ ಬೇಕು’ ಎಂಬ ಉತ್ತರ ಬರುತ್ತದೆ, ಇದು ನಿಜವೇ ಎಂದು ನೀವು ಕೇಳಿದ್ದೀರಿ. ನಾನು ಚಿತ್ರರಂಗದವನಲ್ಲ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ ಪಾಠ ಹೇಳುತ್ತೇನೆ. ಸುಗ್ಗಿ ಮುಗಿದ ಮೇಲೆ ನಮ್ಮೂರಿನ ಪೌರಾಣಿಕ ನಾಟಕದಲ್ಲಿ ಬಣ್ಣ ಹಚ್ಚುತ್ತೇನೆ. ಆ ಅನುಭವದಿಂದ ಹೇಳುವುದಾದರೆ, ಜನರಿಗೆ ಅದೇ ಬೇಕು ಎಂಬುದು ಮುಕ್ಕಾಲು ಪಾಲು ಸುಳ್ಳು.

ನಮ್ಮ ಕಡೆಯ ‘ಕುರುಕ್ಷೇತ್ರ’ ನಾಟಕವನ್ನು ನೋಡಿರದವರಿಗಾಗಿ ಒಂದು ವಿವರಣೆ ಅಗತ್ಯ. ಇಲ್ಲಿ ನಟರಿಗೆ ಹಣ ಕೊಡುವುದಿಲ್ಲ, ನಟರೇ ಹಣ ಕೊಡುತ್ತಾರೆ. ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸೀನರಿ ಮತ್ತು ಉಡುಪಿನ ಬಾಡಿಗೆ, ಸ್ತ್ರೀಪಾತ್ರಗಳಿಗೆ ಹೊರಗಿನಿಂದ ಬರುವ ಕಲಾವಿದೆಯರ ಖರ್ಚು ಎಲ್ಲವನ್ನೂ ಪಾರ್ಟು ಹಿಡಿದವರೇ ಹಂಚಿಕೊಳ್ಳಬೇಕು; ಯಾವ ಪಾರ್ಟಿಗೆ ಎಷ್ಟು ಎಂಬುದು ಬೇಡಿಕೆಯ ಮೇಲೆ ನಿರ್ಧಾರವಾಗುತ್ತದೆ. ನಮ್ಮೂರಿನಲ್ಲಿ ಕೃಷ್ಣನಿಗೂ ದುರ್ಯೋಧನನಿಗೂ ಯಾವಾಗಲೂ ಹೆಚ್ಚಿನ ಮೊತ್ತ. ಅನಂತರ ಕರ್ಣ, ಭೀಮ, ಅರ್ಜುನರ ಸರದಿ. ಶಕುನಿಗೂ ಗಿರಾಕಿಗಳುಂಟು. ಇಡೀ ಮಹಾಭಾರತದಲ್ಲಿ ಅತ್ಯಂತ ನಿರ್ದೋಷಿ ಎನಿಸಿಕೊಂಡ ಧರ್ಮರಾಯನಿಗೆ ಮಾತ್ರ ಯಾರೂ ಮುಂದೆ ಬರುವುದಿಲ್ಲ. ಅದಕ್ಕಾಗಿಯೇ ಅದು ಮೇಷ್ಟರಾದ ನನ್ನ ಪಾಲಿಗೆ ಬಂದಿತು. ಅಡಿಕೆ ಮಾರಿದ ದುಡ್ಡಿನಲ್ಲಿ ದುರ್ಯೋಧನನಾಗುವ ರೈತನಿಗೆ ಚಿತ್ರಕಥೆಯ ಶಾಸ್ತ್ರ ತಿಳಿದಿಲ್ಲ. ಆದರೆ ಯಾವ ಪಾತ್ರದಲ್ಲಿ ಜೀವವಿದೆ, ಯಾವುದರಲ್ಲಿ ಇಲ್ಲ ಎಂಬುದು ಅವನಿಗೆ ಚೆನ್ನಾಗಿ ತಿಳಿದಿದೆ. ಬೆಳಗಿನ ಜಾವ ನಾಲ್ಕು ಗಂಟೆಗೆ, ತಮ್ಮಂದಿರನ್ನೆಲ್ಲ ಕಳೆದುಕೊಂಡ ದುರ್ಯೋಧನ ವೈಶಂಪಾಯನ ಸರೋವರದ ಕಡೆಗೆ ನಡೆಯುವಾಗ, ಅಲ್ಲಿಯವರೆಗೆ ಅವನನ್ನು ಬೈಯುತ್ತಿದ್ದ ಅಜ್ಜಿಯರೇ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ತಪ್ಪು ಮಾಡಿದವನು ತನ್ನ ತಪ್ಪಿನ ಫಲವನ್ನು ಅನುಭವಿಸುತ್ತಿರುವಾಗ ಅವನೊಂದಿಗೆ ನಾವು ನಡೆಯಬಲ್ಲೆವು. ತಪ್ಪೇ ಮಾಡದವನನ್ನು ನೋಡಿ ಕೈಮುಗಿಯಬಹುದು, ಅಷ್ಟೇ.

ಧರ್ಮರಾಯನ ಪಾರ್ಟಿನಲ್ಲಿ ಜನ ನನ್ನನ್ನು ನಿಜವಾಗಿ ಗಮನಿಸಿದ್ದು ಒಂದೇ ಒಂದು ವರ್ಷ. ಆ ಸಲ ನಮ್ಮ ಹಾರ್ಮೋನಿಯಂ ಮೇಷ್ಟ್ರು ದ್ರೋಣವಧೆಯ ಪ್ರಸಂಗವನ್ನು ಸೇರಿಸಿದ್ದರು. ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ ಹೇಳಿ, ಸತ್ತದ್ದು ಆನೆ ಎಂಬುದನ್ನು ನುಂಗಿಕೊಳ್ಳುವ ಆ ಗಳಿಗೆಯಲ್ಲಿ, ಅದುವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ನೆಲಕ್ಕೆ ತಾಗಿತೆಂದು ಕಥೆ ಹೇಳುತ್ತದೆ. ಬೀಡಿ ಹಚ್ಚಲು ಎದ್ದು ಹೋಗುತ್ತಿದ್ದವರು ಆ ರಾತ್ರಿ ಹಾಗೆಯೇ ನಿಂತುಬಿಟ್ಟಿದ್ದರು.

ಈಗ ಸಿನಿಮಾಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ ಎಂದು ನನಗೆ ತೋರುತ್ತದೆ: ನಾಯಕ ಒಳ್ಳೆಯವನಾಗಿರುವುದು ಒಂದು, ನಾಯಕನಿಗೆ ಏನೂ ತಟ್ಟದಿರುವುದು ಇನ್ನೊಂದು. ಮೊದಲನೆಯದು ದೋಷವಲ್ಲ. 1972ರಲ್ಲಿ ಕನ್ನಡದಲ್ಲಿ ಎರಡು ಚಿತ್ರಗಳು ಬಂದವು. ಒಂದು ‘ಬಂಗಾರದ ಮನುಷ್ಯ’, ನಮ್ಮ ಜಿಲ್ಲೆಯ ಶಿರಾ ತಾಲ್ಲೂಕಿನ ತರೂರಿನವರಾದ ಸಿದ್ದಲಿಂಗಯ್ಯನವರು ನಿರ್ದೇಶಿಸಿದ್ದು. ಇನ್ನೊಂದು ಪುಟ್ಟಣ್ಣ ಕಣಗಾಲರ ‘ನಾಗರಹಾವು’. ಮೊದಲನೆಯದರ ರಾಜೀವನಲ್ಲಿ ಹುಡುಕಿದರೂ ಕೆಟ್ಟ ಗುಣ ಸಿಗುವುದಿಲ್ಲ. ಆದರೂ ಆ ಚಿತ್ರ ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಏಕೆಂದರೆ ಅವನ ಒಳ್ಳೆಯತನಕ್ಕೆ ಅವನೇ ಬೆಲೆ ತೆರುತ್ತಾನೆ; ಅಕ್ಕನ ಸಂಸಾರಕ್ಕಾಗಿ ಕಲ್ಲುಭೂಮಿಯನ್ನು ಹಸನು ಮಾಡಿದವನು ಕೊನೆಗೆ ತಾನು ಸಾಕಿದವನ ಬಾಯಿಂದಲೇ ಸಂಶಯದ ಮಾತು ಕೇಳಿ ಎಲ್ಲವನ್ನೂ ಬಿಟ್ಟು ಹೊರಟುಹೋಗುತ್ತಾನೆ. ಎರಡನೆಯದರ ರಾಮಾಚಾರಿ ಮುಂಗೋಪಿ, ಹಟಮಾರಿ. ಚಾಮಯ್ಯ ಮೇಷ್ಟರ ಮಾತಿಗೆ ಕಟ್ಟುಬಿದ್ದು ಪ್ರೀತಿಸಿದವಳನ್ನು ಬಿಟ್ಟುಕೊಡುತ್ತಾನೆ, ಆ ತ್ಯಾಗದಿಂದ ಯಾರಿಗೂ ಒಳ್ಳೆಯದಾಗಲಿಲ್ಲ ಎಂಬುದನ್ನು ಮುಂದೆ ಕಣ್ಣಾರೆ ಕಾಣುತ್ತಾನೆ, ಕೊನೆಗೆ ಅದೇ ಗುರುವಿನ ಸಾವಿಗೂ ಕಾರಣನಾಗುತ್ತಾನೆ. ಮೊದಲ ದೃಶ್ಯದ ರಾಮಾಚಾರಿ ಕೊನೆಯ ದೃಶ್ಯದಲ್ಲಿಲ್ಲ. ಅದೇ ವರ್ಷದ ಅದೇ ಪ್ರೇಕ್ಷಕರು ಇಬ್ಬರನ್ನೂ ಮನೆಮಗನಂತೆ ಒಪ್ಪಿಕೊಂಡರು.

ಇಂದಿನ ಹೆಚ್ಚಿನ ‘ಮಾಸ್’ ಚಿತ್ರಗಳ ನಾಯಕ ಇವರಿಬ್ಬರ ಸಾಲಿಗೂ ಸೇರುವುದಿಲ್ಲ. ಅವನಿಗೆ ರಾಜೀವನ ನಷ್ಟವೂ ಇಲ್ಲ, ರಾಮಾಚಾರಿಯ ತಪ್ಪೂ ಇಲ್ಲ. ಹಾಗೆಂದು ತಪ್ಪು ಮಾಡಿದಂತೆ ತೋರಿಸುವುದೇ ಇಲ್ಲ ಎನ್ನಲಾಗದು; ಇಲ್ಲಿಯೇ ಒಂದು ಚಮತ್ಕಾರವಿದೆ. ಮಧ್ಯಂತರದವರೆಗೆ ಅವನು ಒರಟನಾಗಿ, ಕುಡುಕನಾಗಿ, ಕೊಲೆಗಡುಕನಾಗಿಯೂ ಕಾಣಬಹುದು. ಮಧ್ಯಂತರವಾದ ಮೇಲೆ ಫ್ಲ್ಯಾಷ್‌ಬ್ಯಾಕ್ ಬರುತ್ತದೆ. ಆಗ ಕೊಂದದ್ದು ತಂಗಿಗಾಗಿ, ಕುಡಿದದ್ದು ಗೆಳೆಯನ ದುಃಖಕ್ಕಾಗಿ, ಊರು ಬಿಟ್ಟದ್ದು ತಾಯಿಗೆ ಕೊಟ್ಟ ಮಾತಿಗಾಗಿ ಎಂದು ತಿಳಿಯುತ್ತದೆ. ಅಂದರೆ ಬದಲಾಗಿದ್ದು ಅವನಲ್ಲ, ಅವನ ಬಗ್ಗೆ ನಮಗಿದ್ದ ತಿಳಿವಳಿಕೆ. ಪಾತ್ರ ಬೆಳೆಯಿತು ಎಂದು ನಮಗನ್ನಿಸುವುದು ಈ ಮೋಸದಿಂದಲೇ. ಅವನ ದೋಷಗಳೆಲ್ಲ ನಮ್ಮ ತಪ್ಪು ಗ್ರಹಿಕೆಗಳಾಗಿದ್ದವು, ಅವನು ಮೊದಲಿನಿಂದಲೂ ಅಪರಂಜಿಯೇ ಆಗಿದ್ದನು ಎಂಬಲ್ಲಿಗೆ ಕಥೆ ಮುಗಿಯುತ್ತದೆ.

ಹಾಗಾದರೆ ಮನುಷ್ಯಸಹಜವಾದ ಹೆದರಿಕೆ, ಹಸಿವು, ಆಸೆ, ಹೊಟ್ಟೆಕಿಚ್ಚುಗಳೆಲ್ಲ ಎಲ್ಲಿಗೆ ಹೋದವು? ಅವನ್ನೆಲ್ಲ ಪಕ್ಕದಲ್ಲಿರುವ ಹಾಸ್ಯಪಾತ್ರಕ್ಕೆ ವರ್ಗಾಯಿಸಲಾಗಿದೆ. ಇದು ಹೊಸದಲ್ಲ. ನಮ್ಮ ತಿಪಟೂರಿನ ನರಸಿಂಹರಾಜು ಅವರನ್ನು ತೆರೆಯ ಮೇಲೆ ಕಂಡೊಡನೆ ಜನ ಹಗುರವಾಗುತ್ತಿದ್ದುದಕ್ಕೆ ಅವರ ಮುಖಭಾವವಷ್ಟೇ ಕಾರಣವಲ್ಲ. ನಾಯಕ ಹೆದರದ ಕಡೆ ಅವರು ಹೆದರುತ್ತಿದ್ದರು, ನಾಯಕ ಉಪವಾಸವಿರುವಾಗ ಅವರಿಗೆ ಹಸಿವಾಗುತ್ತಿತ್ತು. ಇಂದು ಆ ಹಾಸ್ಯಪಾತ್ರವೂ ಸೊರಗಿ, ನಾಯಕನ ಗುಣಗಾನ ಮಾಡುವ ಹೊಗಳುಭಟನಾಗಿದೆ. ಖಳನ ಕಥೆಯೂ ಅಷ್ಟೇ. ಮೊದಲರ್ಧ ಗಂಟೆ ಅವನ ಕ್ರೌರ್ಯಕ್ಕೆ ಬಿಲ್ಡಪ್ ಕೊಟ್ಟು, ನಾಯಕ ಎದುರಾದೊಡನೆ ಅವನನ್ನು ಹತ್ತಿಯ ಗೊಂಬೆಯಂತೆ ಎಸೆದುಬಿಡುತ್ತಾರೆ. ನಾಯಕಿಯ ವಿಷಯ ಬರೆಯಹೊರಟರೆ ಈ ಉತ್ತರ ಬೇರೆಯೇ ದಾರಿ ಹಿಡಿದೀತು. ನಾಯಕನನ್ನು ತಪ್ಪು ತಿಳಿದುಕೊಂಡು ಆಮೇಲೆ ಪಶ್ಚಾತ್ತಾಪ ಪಡುವುದಷ್ಟೇ ಅವಳಿಗೆ ಉಳಿದಿರುವ ಕೆಲಸ. ವಿಪರ್ಯಾಸವೆಂದರೆ, ಅನೇಕ ಚಿತ್ರಗಳಲ್ಲಿ ಮನಸ್ಸು ಬದಲಾಯಿಸುವ ಏಕೈಕ ಪಾತ್ರ ಅವಳದೇ.

ಇದಕ್ಕೆ ಕಾರಣ ನಿರ್ದೇಶಕರ ಅಜ್ಞಾನವಲ್ಲ, ಲೆಕ್ಕಾಚಾರ. ದೊಡ್ಡ ಬಂಡವಾಳದ ಚಿತ್ರಕ್ಕೆ ಮೊದಲ ಮೂರು ದಿನಗಳ ಗಳಿಕೆಯೇ ಪ್ರಾಣ. ವಿತರಕರು ಹಣ ಹೂಡುವುದು, ವಾಹಿನಿಗಳು ಪ್ರಸಾರದ ಹಕ್ಕು ಕೊಳ್ಳುವುದು, ಬೇರೆ ಭಾಷೆಗಳಿಗೆ ಡಬ್ಬಿಂಗ್ ಹಕ್ಕು ಮಾರಾಟವಾಗುವುದು ಹೆಚ್ಚಾಗಿ ನಾಯಕನಟನ ಹೆಸರಿನ ಮೇಲೆ. ಕಟೌಟ್‌ಗೆ ಹಾಲೆರೆಯುವ ಅಭಿಮಾನಿ ಮೊದಲ ದಿನ ನೋಡಲು ಬರುವುದು ಪಾತ್ರವನ್ನಲ್ಲ, ನಟನನ್ನು. ಆದ್ದರಿಂದ ಬರೆಯುವವರು ಪಾತ್ರಕ್ಕೆ ಒಂದು ಸಣ್ಣತನ ಕೊಟ್ಟರೆ ಅದು ನಟನ ವರ್ಚಸ್ಸಿಗೆ ಅಂಟೀತು ಎಂಬ ಅಂಜಿಕೆ ಮೇಲಿನಿಂದ ಕೆಳಗಿನವರೆಗೆ ಹಬ್ಬಿರುತ್ತದೆ.

ಆದರೆ ಈ ಅಂಜಿಕೆಯೊಂದೇ ಪೂರ್ಣ ನೆಪವಾಗಲಾರದು ಎನ್ನುವುದಕ್ಕೆ ನಾನು ತರಗತಿಯಲ್ಲಿ ಪ್ರತಿವರ್ಷ ಹೇಳುವ ಉದಾಹರಣೆಯೊಂದಿದೆ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪನಿಗೂ ಒಬ್ಬ ತಾರೆಯಿದ್ದನು: ಆಶ್ರಯದಾತನಾದ ಅರಿಕೇಸರಿ. ಅವನನ್ನೇ ಅರ್ಜುನನೊಂದಿಗೆ ಸಮೀಕರಿಸಿ ಕಾವ್ಯ ಕಟ್ಟಬೇಕಾಗಿತ್ತು. ಆ ತಾರೆಯ ವರ್ಚಸ್ಸಿಗಾಗಿ ಕವಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದನು, ಕೊನೆಯ ಪಟ್ಟಾಭಿಷೇಕವನ್ನೂ ಅವನಿಗೇ ಕಟ್ಟಿದನು. ಇಂದಿನ ಯಾವ ನಿರ್ಮಾಪಕನೂ ಇದಕ್ಕಿಂತ ದೊಡ್ಡ ಒತ್ತಡ ಹಾಕಿರಲಾರನು. ಇಷ್ಟಾಗಿಯೂ ಕರ್ಣನ ಸಾವಿನ ಸಂದರ್ಭದಲ್ಲಿ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎಂಬ ಅರ್ಥದ ಮಾತನ್ನು ಹೇಳದೆ ಬಿಡಲಿಲ್ಲ. ನಾಲ್ಕು ದಶಕಗಳ ನಂತರ ರನ್ನ ತನ್ನ ದೊರೆಯನ್ನು ಭೀಮನೊಂದಿಗೆ ಸಮೀಕರಿಸಿದನು. ಓದುಗರ ಮನಸ್ಸಿನಲ್ಲಿ ಉಳಿದವನು ದುರ್ಯೋಧನ. ತಾರೆಗೆ ಸಲ್ಲಬೇಕಾದುದನ್ನು ಸಲ್ಲಿಸಿಯೂ ಕಥೆಗೆ ಜೀವ ತುಂಬುವ ದಾರಿ ಕನ್ನಡದಲ್ಲಿ ಸಾವಿರ ವರ್ಷಗಳಷ್ಟು ಹಳೆಯದು.

ಕನ್ನಡದ ಅತಿದೊಡ್ಡ ತಾರೆಯೂ ಆ ದಾರಿಯಲ್ಲಿ ನಡೆದವರೇ. ಗುಬ್ಬಿ ಕಂಪನಿಯ ರಂಗಭೂಮಿಯಿಂದ ಬಂದ ರಾಜ್‌ಕುಮಾರ್ ಸಾಮಾಜಿಕ ಚಿತ್ರಗಳಲ್ಲಿ ಆದರ್ಶಪುರುಷರಾಗಿದ್ದರೂ, ಪೌರಾಣಿಕದಲ್ಲಿ ರಾವಣನಾದರು, ಹಿರಣ್ಯಕಶಿಪುವಾದರು. 1977ರ ‘ಬಬ್ರುವಾಹನ’ದಲ್ಲಿ ಅರ್ಜುನನೂ ಅವರೇ, ಮಗನೂ ಅವರೇ, ಅಹಂಕಾರದಿಂದ ಹೆಂಡತಿಯ ಶೀಲವನ್ನೇ ಶಂಕಿಸುವ ಅರ್ಜುನನನ್ನು ಅವರ ಅಭಿಮಾನಿಗಳು ತಿರಸ್ಕರಿಸಲಿಲ್ಲ. ದೊಡ್ಡ ನಟನಿಗೆ ದೊಡ್ಡ ದೋಷಗಳನ್ನು ಅಭಿನಯಿಸಲು ಪುರಾಣ ಒಂದು ಮರೆಯನ್ನು ಒದಗಿಸುತ್ತಿತ್ತು. ಪೌರಾಣಿಕ ಚಿತ್ರಗಳು ಅಪರೂಪವಾದಾಗ ನಾವು ಕಳೆದುಕೊಂಡದ್ದು ಕಿರೀಟ, ಗದೆಗಳನ್ನಷ್ಟೇ ಅಲ್ಲ ಎಂದು ನನಗನ್ನಿಸುತ್ತದೆ.

ಜನರ ರುಚಿಯ ಬಗ್ಗೆ ಇಷ್ಟು ಹೇಳಿದ ಮೇಲೆ, ಸುಳ್ಳಲ್ಲದ ಕಾಲು ಪಾಲನ್ನೂ ಹೇಳಬೇಕು. ದಿನವಿಡೀ ಗಾರೆಕೆಲಸ ಮಾಡಿ ರಾತ್ರಿಯ ಆಟಕ್ಕೆ ಬಂದವನಿಗೆ, ಕಚೇರಿಯಲ್ಲಿ ತನ್ನನ್ನು ಮೂರು ಸಲ ವಾಪಸ್ ಕಳುಹಿಸಿದವರಂಥವರನ್ನು ನಾಯಕ ಒಂದೇ ಏಟಿಗೆ ಬೀಳಿಸುವುದನ್ನು ನೋಡಿದರೆ ಸಮಾಧಾನವಾಗುತ್ತದೆ. ಆ ಸಮಾಧಾನವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಶಿಳ್ಳೆ ಹಾಕಿದವರಲ್ಲಿ ನಾನೂ ಒಬ್ಬ. ಆದರೆ ಹಾಗೆ ಶಿಳ್ಳೆ ಹಾಕಿದ ಚಿತ್ರಗಳ ನಾಯಕರ ಹೆಸರುಗಳು ತಿಂಗಳು ಕಳೆಯುವುದರೊಳಗೆ ಮರೆತುಹೋಗುತ್ತವೆ. ನಟನ ಹೆಸರು ಉಳಿಯುತ್ತದೆ. ರಾಮಾಚಾರಿಯ ಹೆಸರನ್ನು ಮಾತ್ರ ಐವತ್ತು ವರ್ಷಗಳಾದರೂ ಯಾರೂ ನೆನಪಿಸಬೇಕಾಗಿಲ್ಲ.

ನೀವು ಮುಂದೆ ಚಿತ್ರ ನೋಡುವಾಗ ಎರಡು ಸಂಗತಿಗಳನ್ನು ಗಮನಿಸಿ. ನಾಯಕನ ಗುಣವನ್ನು ಅವನ ನಡತೆ ತೋರಿಸುತ್ತಿದೆಯೇ, ಅಥವಾ ಉಳಿದ ಪಾತ್ರಗಳು ಬಾಯಲ್ಲಿ ಹೇಳುತ್ತಿವೆಯೇ? ಎರಡು ಬೇಕುಗಳ ನಡುವೆ ಒಂದನ್ನು ಬಿಡಲೇಬೇಕಾದ ಇಕ್ಕಟ್ಟು ಒಮ್ಮೆಯಾದರೂ ಅವನಿಗೆ ಎದುರಾಯಿತೇ? ಎರಡನೆಯದಕ್ಕೆ ಉತ್ತರ ಹೌದು ಎಂದಾದರೆ ಅವನು ದೇವರಂಥವನಾಗಿದ್ದರೂ ಚಿಂತೆಯಿಲ್ಲ.

ಈ ವರ್ಷವೂ ನಮ್ಮೂರಿನಲ್ಲಿ ಯುಗಾದಿ ಕಳೆದ ಮೇಲೆ ಕುರುಕ್ಷೇತ್ರ ಆಡುವುದೆಂದು ತೀರ್ಮಾನವಾಗಿದೆ. ದುರ್ಯೋಧನನ ಪಾರ್ಟಿಗೆ ಮೂವರು ಪೈಪೋಟಿಯಲ್ಲಿದ್ದಾರೆ, ಅವರಲ್ಲೊಬ್ಬ ಊರಿನ ಅಭಿಮಾನಿ ಸಂಘದ ಅಧ್ಯಕ್ಷ. ಧರ್ಮರಾಯನ ಪಾರ್ಟು ಇನ್ನೂ ಖಾಲಿಯಿದೆ. ಹಾರ್ಮೋನಿಯಂ ಮೇಷ್ಟ್ರು ನನಗೆ ಎರಡು ಸಲ ಫೋನ್ ಮಾಡಿದ್ದಾರೆ, ದ್ರೋಣವಧೆಯನ್ನು ಸೇರಿಸುವುದಾದರೆ ಮಾತ್ರ ಬರುತ್ತೇನೆಂದು ಹೇಳಿದ್ದೇನೆ.