ಮುತ್ತಿನೋಲೆಯ ಹುಡುಗಿ: ಓದುಗರು ಕೇಳಿದ್ದು, ನಾವು ಹೇಳುವುದು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಾದಂಬರಿಯ ಬಗ್ಗೆ: ಟ್ರೇಸಿ ಶೆವಲಿಯರ್ 1999ರಲ್ಲಿ ಬರೆದ ‘ಗರ್ಲ್ ವಿತ್ ಎ ಪರ್ಲ್ ಇಯರಿಂಗ್’. ಓದದವರಿಗಾಗಿ ಎರಡು ಮಾತು. 1664ನೇ ಇಸವಿ, ಹಾಲೆಂಡಿನ ಡೆಲ್ಫ್ಟ್ ಊರು. ಟೈಲ್ಸ್ ಮೇಲೆ ಚಿತ್ರ ಬರೆಯುತ್ತಿದ್ದ ಅಪ್ಪ ಭಟ್ಟಿಯ ಅವಘಡದಲ್ಲಿ ಕಣ್ಣು ಕಳೆದುಕೊಂಡ ಮೇಲೆ, ಹದಿನಾರರ ಗ್ರೀಟ್ ಚಿತ್ರಕಾರ ಯೊಹಾನೆಸ್ ವರ್ಮೀರನ ಮನೆಗೆಲಸಕ್ಕೆ ಸೇರುತ್ತಾಳೆ. ಚಿತ್ರಶಾಲೆ ಗುಡಿಸುತ್ತಾ, ಅಟ್ಟದಲ್ಲಿ ಬಣ್ಣ ಅರೆಯುತ್ತಾ, ಕೊನೆಗೆ ಯಜಮಾನಿಯ ಮುತ್ತಿನೋಲೆ ತೊಟ್ಟು ಅವನ ಚಿತ್ರಕ್ಕೆ ಕೂರುತ್ತಾಳೆ. ಆ ಚಿತ್ರ ಇಂದಿಗೂ ಇದೆ. ಕಥೆ ಮಾತ್ರ ಲೇಖಕಿಯದು.

ಪ್ರಶ್ನೆ: ಚಿತ್ರದಲ್ಲಿರುವ ಹುಡುಗಿ ನಿಜವಾಗಿಯೂ ಆ ಮನೆಯ ಕೆಲಸದವಳೇ? (ಧಾರವಾಡದ ಓದುಗರು)

ಉತ್ತರ: ಹಾಗೆಂದು ಹೇಳುವ ಒಂದು ಕಾಗದವೂ ಇಲ್ಲ. ಗ್ರೀಟ್ ಕಾದಂಬರಿಯವಳು. ಇನ್ನೂ ಒಂದು ಮಾತು: ಆ ಚಿತ್ರ ಒಬ್ಬರ ಭಾವಚಿತ್ರವೇ ಅಲ್ಲ. ಡಚ್ಚರು ‘ಟ್ರೋನಿ’ ಎಂದು ಕರೆಯುತ್ತಿದ್ದ ಬಗೆ ಅದು. ಯಾರನ್ನೋ ಎದುರಿಗೆ ಕೂರಿಸಿಕೊಂಡಿರಬಹುದು, ಆದರೆ ಮಾರುತ್ತಿದ್ದದ್ದು ಮುಖದ ಭಾವವನ್ನು, ವೇಷವನ್ನು. ಹೆಸರು ಯಾರಿಗೂ ಬೇಕಿರಲಿಲ್ಲ. ವರ್ಮೀರ್ ತೀರಿಕೊಂಡ ಮೇಲೆ 1676ರ ಫೆಬ್ರವರಿ 29ರಂದು ಅವನ ಮನೆಯ ಸಾಮಾನುಗಳ ಪಟ್ಟಿ ಮಾಡಿದರು. ಅದರಲ್ಲಿ ‘ತುರ್ಕಿ ರೀತಿಯಲ್ಲಿ ಬರೆದ ಎರಡು ಟ್ರೋನಿ’ ಎಂಬ ನಮೂದಿದೆ. ತಲೆಗೆ ಸುತ್ತಿದ ನೀಲಿ–ಹಳದಿ ಬಟ್ಟೆಯನ್ನು ನೋಡಿ, ಅವುಗಳಲ್ಲಿ ಒಂದು ಇದೇ ಇರಬಹುದೆಂದು ಊಹಿಸುವವರಿದ್ದಾರೆ.

ಆ ಮನೆಯಲ್ಲಿ ದಾಖಲೆಯಲ್ಲಿ ಹೆಸರಿರುವ ಕೆಲಸದವಳು ಟ್ಯಾನೆಕೆ ಎವರ್ಪೂಲ್. ಕಾದಂಬರಿಯಲ್ಲೂ ಅವಳಿದ್ದಾಳೆ, ವರ್ಮೀರನ ಹಾಲು ಸುರಿಯುವ ಹೆಂಗಸಿನ ಚಿತ್ರಕ್ಕೆ ಕೂತವಳೆಂದು ಅಲ್ಲಿ ಅವಳಿಗೆ ಬಲು ಹೆಮ್ಮೆ. ಅಷ್ಟು ಭಾಗ ಕಲ್ಪನೆ. ನಿಜವಾದ ಟ್ಯಾನೆಕೆಯ ಮಾತನ್ನು ಮುಂದೆ ಮಂಗಳೂರಿನವರ ಪ್ರಶ್ನೆಯಲ್ಲಿ ಹೇಳುತ್ತೇವೆ.

ಪ್ರಶ್ನೆ: ಮನೆಗೆಲಸದ ಹುಡುಗಿಯ ಕೈಗೆ ಬಣ್ಣ ಅರೆಯುವ ಕೆಲಸ ಕೊಡುತ್ತಿದ್ದರೆಂದರೆ ನಂಬಲು ಕಷ್ಟ. ಅರೆಯುವುದೆಂದರೆ ಸರಿಯಾಗಿ ಏನು ಮಾಡುತ್ತಿದ್ದರು? (ಶಿವಮೊಗ್ಗದ ಓದುಗರು)

ಉತ್ತರ: ನಿಮ್ಮ ಅನುಮಾನ ಸರಿಯಾದದ್ದೇ. ಚಿತ್ರಕಾರರ ಮನೆಗಳಲ್ಲಿ ಅದು ಶಿಷ್ಯರ ಕೆಲಸ. ವರ್ಮೀರ್ 1653ರ ಡಿಸೆಂಬರ್ 29ರಂದು ಸಂತ ಲ್ಯೂಕನ ಹೆಸರಿನ ಕಲಾವಿದರ ಸಂಘಕ್ಕೆ ಸೇರಿದ, ಮುಂದೆ ಅದರ ಮುಖ್ಯಸ್ಥರಲ್ಲಿ ಒಬ್ಬನೂ ಆದ. ಆದರೆ ಅವನ ಬಳಿ ಒಬ್ಬ ಶಿಷ್ಯನಿದ್ದನೆಂದು ಸಂಘದ ದಫ್ತರದಲ್ಲಿ ಎಲ್ಲೂ ಇಲ್ಲ. ಅದೇ 1676ರ ಪಟ್ಟಿಯಲ್ಲಿ ಅಟ್ಟದ ಮೇಲಿದ್ದ ಬಣ್ಣ ಅರೆಯುವ ಕಲ್ಲುಮೇಜು, ಅದರ ಕಲ್ಲು ಎರಡೂ ನಮೂದಾಗಿವೆ. ಕಲ್ಲಿದೆ, ಅರೆಯುವವರು ಯಾರೆಂದು ಗೊತ್ತಿಲ್ಲ. ಲೇಖಕಿ ಗ್ರೀಟ್‌ಳನ್ನು ಕೂರಿಸಿದ್ದು ಆ ಕಲ್ಲಿನ ಮುಂದೆ. ಇಡೀ ಪುಸ್ತಕದಲ್ಲಿ ನಮಗೆ ತುಂಬಾ ಹಿಡಿಸಿದ್ದು ಇದೇ.

ಕೆಲಸ ಹೀಗೆ ನಡೆಯುತ್ತಿತ್ತು. ನುಣುಪಾದ ಗಟ್ಟಿ ಕಲ್ಲಿನ ಹಾಸು, ಅದರ ಮೇಲೆ ಉಜ್ಜಲು ಕೆಳಮೈ ಸಮತಟ್ಟಾದ ಗುಂಡುಕಲ್ಲು. ಬಣ್ಣದ ಪುಡಿಯನ್ನು ಗುಡ್ಡೆ ಮಾಡಿ, ನಡುವೆ ಗುಳಿ ತೋಡಿ, ಅಗಸೆ ಎಣ್ಣೆಯನ್ನು ಹನಿಹನಿಯಾಗಿ ಬಿಡಬೇಕು. ಹೊಸಬರು ತಪ್ಪುವುದು ಇಲ್ಲೇ. ಪುಡಿ ಒಣಗಿದಂತೆ ಕಾಣುತ್ತದೆಂದು ಎಣ್ಣೆ ಸುರಿದುಬಿಡುತ್ತಾರೆ. ಅರೆಯುತ್ತಾ ಹೋದಂತೆ ಅದು ತಾನಾಗಿಯೇ ಸಡಿಲಾಗುತ್ತದೆ. ಹೆಚ್ಚಾದ ಎಣ್ಣೆಯನ್ನು ಆಮೇಲೆ ತೆಗೆಯಲು ಬರುವುದಿಲ್ಲ. ಒಣಗುವಾಗ ಬಣ್ಣ ಸುಕ್ಕುಗಟ್ಟುತ್ತದೆ, ವರ್ಷ ಕಳೆದಂತೆ ಹಳದಿ ತಿರುಗುತ್ತದೆ. ಗುಂಡುಕಲ್ಲನ್ನು ಚಟ್ನಿ ಅರೆದ ಹಾಗೆ ಹಿಂದೆ ಮುಂದೆ ಆಡಿಸಿದರೆ ಸಾಲದು, ಇಂಗ್ಲಿಷಿನ 8ರ ಆಕಾರದಲ್ಲಿ ತಿರುಗಿಸಬೇಕು. ಅಂಚಿಗೆ ಸರಿದದ್ದನ್ನು ಚಪ್ಪಟೆ ಅಲಗಿನಿಂದ ಕೆರೆದು ಮತ್ತೆ ನಡುವಿಗೆ ತರಬೇಕು. ಕಲ್ಲಿನಡಿ ಕರಕರ ಸದ್ದು ನಿಂತು ಬರಿ ಜಾರುವ ಸದ್ದು ಬಂದಾಗ ಹದ ಬಂತು ಎಂದರ್ಥ.

ಎಲ್ಲ ಬಣ್ಣಕ್ಕೂ ಒಂದೇ ಹದವಲ್ಲ. ಇಂಗಳೀಕವನ್ನು (ಪಾದರಸದಿಂದಾದ ಕೆಂಪು) ಅರೆದಷ್ಟೂ ಕೆಂಪು ಏರುತ್ತದೆ. ಸೀಸದ ಬಿಳಿಗೆ ಎಣ್ಣೆ ಸ್ವಲ್ಪವೇ ಸಾಕು, ಬೇಗ ಒಣಗುತ್ತದೆ. ಮೂಳೆ ಸುಟ್ಟು ಮಾಡಿದ ಕಪ್ಪು ಬಹಳ ಎಣ್ಣೆ ಕುಡಿಯುತ್ತದೆ, ಒಣಗಲು ತಡ. ರಾಜಾವರ್ತ (ಲ್ಯಾಪಿಸ್ ಲಾಜುಲಿ) ಎಂಬ ಕಲ್ಲಿನ ನೀಲಿಯನ್ನು ಅತಿಯಾಗಿ ಅರೆದರೆ ಮಾತ್ರ ಕೆಟ್ಟಿತು: ಕಣ ಸಣ್ಣದಾದಷ್ಟೂ ಬಣ್ಣ ಪೇಲವ.

ಈ ನೀಲಿಯ ಬೆಲೆ ಏಕೆ ಚಿನ್ನಕ್ಕೆ ಸಮನಿತ್ತೆಂಬುದು ಅದನ್ನು ತಯಾರಿಸುವ ಬಗೆ ಗೊತ್ತಾದರೆ ತಿಳಿಯುತ್ತದೆ. ಕಲ್ಲು ಬರುತ್ತಿದ್ದದ್ದು ಅಫ್ಘಾನಿಸ್ತಾನದ ಬದಖ್ಶಾನ್ ಗುಡ್ಡಗಳಿಂದ. ಬರಿದೇ ಕುಟ್ಟಿ ಪುಡಿ ಮಾಡಿದರೆ ಅದರಲ್ಲಿನ ಸುಣ್ಣದ ಅಂಶವೂ ಬೆರೆತು ಬೂದು ಬಣ್ಣ ಸಿಗುತ್ತದೆ. ಸುಮಾರು 1400ರ ಹೊತ್ತಿಗೆ ಇಟಲಿಯ ಚೆನ್ನಿನೊ ಚೆನ್ನಿನಿ ಬರೆದಿಟ್ಟ ಅಳತೆ ಇದು: ಒಂದು ಪೌಂಡ್ ಕಲ್ಲುಪುಡಿಗೆ 6 ಔನ್ಸ್ ಪೈನ್ ಮರದ ರಾಳ, 3 ಔನ್ಸ್ ಮಸ್ತಕಿ ಅಂಟು, 3 ಔನ್ಸ್ ಹೊಸ ಜೇನುಮೇಣ. ಎಲ್ಲವನ್ನೂ ಕರಗಿಸಿ, ಪುಡಿ ಸೇರಿಸಿ, ಹಿಟ್ಟಿನ ಮುದ್ದೆಯಂತೆ ನಾದಿ ಕನಿಷ್ಠ ಮೂರು ಹಗಲು ಮೂರು ರಾತ್ರಿ ಇಡಬೇಕು. ಆಮೇಲೆ ಬೆಚ್ಚಗಿನ ಬೂದಿನೀರಿನಲ್ಲಿ ಆ ಮುದ್ದೆಯನ್ನು ಎರಡು ಕೋಲುಗಳಿಂದ ಒತ್ತುತ್ತಾ ಹೋದರೆ ನೀಲಿ ನೀರಿಗಿಳಿಯುತ್ತದೆ, ಕಸ ಮೇಣದಲ್ಲೇ ಉಳಿಯುತ್ತದೆ. ಮೊದಲ ಸಲ ಇಳಿದದ್ದು ಶ್ರೇಷ್ಠ. ಕೊನೆಗೆ ಇಳಿಯುವುದು ಬೂದಿಯಂಥ ಪುಡಿ. ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ತವರದ ಟ್ಯೂಬು ಬಂದದ್ದು 1841ರಲ್ಲಿ.

ಒಂದು ಎಚ್ಚರಿಕೆ: ಇದನ್ನು ಓದಿ ಮನೆಯಲ್ಲಿ ಸೀಸದ ಬಿಳಿ, ಇಂಗಳೀಕ ಅರೆಯಲು ಹೊರಡಬೇಡಿ. ಒಂದು ಸೀಸ, ಇನ್ನೊಂದು ಪಾದರಸ. ದೂಳು ಉಸಿರಿಗೆ ಹೋದರೆ ವಿಷ.

ಪ್ರಶ್ನೆ: ಎಣ್ಣೆಬಣ್ಣದಲ್ಲಿ ಈ ಚಿತ್ರದ ನಕಲು ಮಾಡುತ್ತಿದ್ದೇನೆ. ಓಲೆ ಎಷ್ಟು ತಿದ್ದಿದರೂ ಗೋಲಿಯಂತೆ ಕಾಣುತ್ತದೆ. (ಹುಬ್ಬಳ್ಳಿಯ ಚಿತ್ರಕಲಾ ವಿದ್ಯಾರ್ಥಿನಿ)

ಉತ್ತರ: ನೀವು ಮುತ್ತನ್ನು ಬರೆಯಲು ಹೊರಟಿದ್ದೀರಿ. ವರ್ಮೀರ್ ಬರೆಯಲೇ ಇಲ್ಲ. ಅಲ್ಲಿ ಸುತ್ತುಗೆರೆ ಇಲ್ಲ. ಕಿವಿಗೆ ತಗುಲಿಸುವ ಕೊಂಡಿಯೂ ಇಲ್ಲ. 2018ರಲ್ಲಿ ಮಾರಿಟ್ಸ್‌ಹೌಸ್ ಸಂಗ್ರಹಾಲಯದವರು ಚಿತ್ರವನ್ನು ಯಂತ್ರಗಳಡಿ ಇಟ್ಟು ಪರೀಕ್ಷಿಸಿದಾಗಲೂ ಸಿಗಲಿಲ್ಲ. ಇರುವುದು ಬಿಳಿಯ ಎರಡೇ ಸ್ಪರ್ಶ. ಮೇಲೆ ಎಡಕ್ಕೆ ದಪ್ಪನಾಗಿ ಇಟ್ಟ ಒಂದು ಬೊಟ್ಟು, ಅದು ಕಿಟಕಿಯ ಬೆಳಕು. ಕೆಳಗೆ ತೆಳ್ಳಗೆ ಹರಡಿದ ಮಾಸಲು ಬಿಳಿ, ಅದು ಅಂಗಿಯ ಬಿಳಿ ಕಾಲರಿನ ಪ್ರತಿಬಿಂಬ. ನಡುವೆ ಇರುವುದು ಕತ್ತಿನ ನೆರಳಷ್ಟೇ. ಉಳಿದದ್ದನ್ನು ನಮ್ಮ ಕಣ್ಣು ತುಂಬಿಕೊಳ್ಳುತ್ತದೆ.

ಆದ್ದರಿಂದ ಹೀಗೆ ಮಾಡಿ. ಬರೆದ ಗೋಲಿಯನ್ನು ಪೂರ್ತಿ ಒರೆಸಿ, ಕತ್ತಿನ ನೆರಳನ್ನು ಓಲೆಯ ಜಾಗದಲ್ಲೂ ಹಾಗೇ ಮುಂದುವರಿಸಿ. ಅದು ಚೆನ್ನಾಗಿ ಒಣಗಲಿ. ಹಸಿಯಾಗಿರುವಾಗಲೇ ಬಿಳಿ ಇಟ್ಟರೆ ನೆರಳು ಬೆರೆತು ಬೊಟ್ಟು ಕೊಳಕಾಗುತ್ತದೆ. ಮೊದಲು ಕೆಳಗಿನ ಪ್ರತಿಬಿಂಬ: ಬಿಳಿಗೆ ನೆರಳಿನ ಬಣ್ಣ ಬೆರೆಸಿ, ಒಣಕುಂಚದಿಂದ ಅಂಚು ಮಸುಕಾಗುವಂತೆ. ಕಾಲರಿಗಿಂತ ಅದು ಒಂದು ಮೆಟ್ಟಿಲಾದರೂ ಮಬ್ಬಾಗಿರಬೇಕು. ಅಷ್ಟೇ ಬಿಳಿಯಾದರೆ ಗೋಲಿ ಮತ್ತೆ ಬರುತ್ತದೆ. ಕೊನೆಯಲ್ಲಿ ಮೇಲಿನ ಬೊಟ್ಟನ್ನು ಒಂದೇ ಸಲ ಇಟ್ಟು ಕೈ ತೆಗೆಯಿರಿ, ತಿದ್ದಬೇಡಿ. ಮೂಲಚಿತ್ರ ಕೇವಲ 44.5 × 39 ಸೆಂ.ಮೀ. ನಿಮ್ಮ ಕ್ಯಾನ್ವಾಸ್ ಅದರ ಎರಡರಷ್ಟಿದ್ದರೆ ಆ ಎರಡು ಸ್ಪರ್ಶಗಳ ಮಾಯೆ ನಿಲ್ಲುವುದು ಕಷ್ಟ. ಮೊದಲು ಮೂಲದ ಅಳತೆಯಲ್ಲೇ ಬರೆಯಿರಿ.

ಪ್ರಶ್ನೆ: ಗ್ರೀಟ್‌ಗೆ ದಿನಕ್ಕೆ ಎಂಟು ಸ್ಟೈವರ್ ಸಂಬಳ. ಅಂದರೆ ಎಷ್ಟು? (ಮೈಸೂರಿನ ಓದುಗರು)

ಉತ್ತರ: 20 ಸ್ಟೈವರಿಗೆ ಒಂದು ಗಿಲ್ಡರ್. ರೂಪಾಯಿಗೆ ತಿರುಗಿಸಿದರೆ ಅರ್ಥವಾಗುವುದಿಲ್ಲ, ಆ ಮನೆಯ ಸಾಲದೊಂದಿಗೆ ಹೋಲಿಸಿ ನೋಡಿ. ವರ್ಮೀರ್ ಸತ್ತಾಗ ಹೆಂಡ್ರಿಕ್ ಫಾನ್ ಬೈಟನ್ ಎಂಬ ಬೇಕರಿಯವನಿಗೆ ಬ್ರೆಡ್ಡಿನ ಬಾಕಿಯೇ 617 ಗಿಲ್ಡರ್. ಗ್ರೀಟ್‌ಳ ಸಂಬಳದ ಲೆಕ್ಕದಲ್ಲಿ ಅದು 1,542 ದಿನಗಳ ದುಡಿಮೆ, ನಾಲ್ಕು ವರ್ಷಕ್ಕೂ ಮೀರಿ. ಆ ಬಾಕಿಗೆ ವಿಧವೆ ಎರಡು ಚಿತ್ರಗಳನ್ನು ಕೊಟ್ಟಳು. ಕಾದಂಬರಿಯ ಕೊನೆಯಲ್ಲಿ ಗ್ರೀಟ್ ಓಲೆಗಳನ್ನು 20 ಗಿಲ್ಡರಿಗೆ ಮಾರುತ್ತಾಳಲ್ಲ, ಅದು ಅವಳ 50 ದಿನಗಳ ಸಂಬಳ. ಈ ಲೆಕ್ಕ ಮಾಡಿಕೊಂಡು ಆ ಪುಟವನ್ನು ಮತ್ತೊಮ್ಮೆ ಓದಿ.

ಇನ್ನೊಂದು ಬೆಲೆಯನ್ನೂ ಹೇಳಲೇಬೇಕು. 1881ರಲ್ಲಿ ದ ಹೇಗ್‌ನ ಹರಾಜಿನಲ್ಲಿ ಈ ಚಿತ್ರ ಹೋದದ್ದು 2 ಗಿಲ್ಡರಿಗೆ, ಮೇಲೆ 30 ಸೆಂಟ್ ಕಮಿಷನ್. ಕೊಂಡ ಡೆ ಟೋಂಬೆ ಅದನ್ನು ಸಂಗ್ರಹಾಲಯಕ್ಕೆ ಬರೆದಿಟ್ಟ. 1902ರಲ್ಲಿ ಅವನು ತೀರಿಕೊಂಡ ಮೇಲೆ ಚಿತ್ರ ಅಲ್ಲಿಗೆ ಸೇರಿತು.

ಪ್ರಶ್ನೆ: ಅಪ್ಪನ ಕಣ್ಣು ಹೋದದ್ದು ಡೆಲ್ಫ್ಟಿನ ಸಿಡಿಮದ್ದಿನ ಮನೆ ಸಿಡಿದಾಗಲೇ? (ಬಳ್ಳಾರಿಯ ಓದುಗರು)

ಉತ್ತರ: ಅಲ್ಲ. ಮದ್ದಿನಮನೆ ಸಿಡಿದದ್ದು 1654ರ ಅಕ್ಟೋಬರ್ 12ರಂದು. ಊರಿನ ಒಂದು ಭಾಗವೇ ನೆಲಸಮವಾಯಿತು, ಚಿತ್ರಕಾರ ಕಾರೆಲ್ ಫಾಬ್ರಿಟಿಯಸ್ ಅದರಲ್ಲಿ ಸತ್ತ. ಕಾದಂಬರಿಯದು ಟೈಲ್ಸ್ ಭಟ್ಟಿಯ ಅವಘಡ, ಕಲ್ಪಿತ.

ಪ್ರಶ್ನೆ: ಹೆಂಡತಿ ಕ್ಯಾಥರೀನಾಳನ್ನು ಬರೀ ಸಿಡುಕಿಯಾಗಿ, ಹೊಟ್ಟೆಕಿಚ್ಚಿನವಳಾಗಿ ತೋರಿಸಿದ್ದು ಅನ್ಯಾಯವೆನಿಸಿತು. ನಿಮ್ಮ ಅಭಿಪ್ರಾಯ? (ಮಂಗಳೂರಿನ ಓದುಗರು)

ಉತ್ತರ: ಒಪ್ಪುತ್ತೇವೆ. ಪುಸ್ತಕದ ದೊಡ್ಡ ಕೊರತೆ ಇದು. ಗ್ರೀಟ್‌ಳ ಕಣ್ಣಿನಿಂದಲೇ ಕಥೆ ಸಾಗುವುದರಿಂದ ಹೀಗಾಯಿತೆಂದು ಸಮರ್ಥಿಸಬಹುದು, ಆದರೆ ದಾಖಲೆಗಳಲ್ಲಿ ಕಾಣುವ ಕ್ಯಾಥರೀನಾ ಬೋಲ್ನೆಸ್ ಬೇರೆಯೇ. 1653ರಲ್ಲಿ ಮದುವೆ. 15 ಹೆರಿಗೆ, ಅದರಲ್ಲಿ 11 ಮಕ್ಕಳು ಉಳಿದರು. ಗರ್ಭಿಣಿಯಾಗಿದ್ದಾಗ ಅವಳ ಅಣ್ಣ ವಿಲ್ಲೆಮ್ ಕಬ್ಬಿಣದ ಮೊನೆಯ ಕೋಲು ಹಿಡಿದು ಮೇಲೆ ಬಿದ್ದ. ಅವನನ್ನು ತಡೆದವಳು ಕೆಲಸದವಳು ಟ್ಯಾನೆಕೆ ಎಂಬುದು ಸಾಕ್ಷಿಗಳ ಹೇಳಿಕೆಯಲ್ಲಿದೆ. ಯಜಮಾನಿ ಮತ್ತು ಕೆಲಸದವಳ ನಡುವೆ ಹೊಟ್ಟೆಕಿಚ್ಚಷ್ಟೇ ಇರುತ್ತದೆಂದು ಬಗೆಯುವವರು ಈ ಹೇಳಿಕೆಯನ್ನು ಓದಬೇಕು. 1672ರಲ್ಲಿ ಫ್ರಾನ್ಸಿನೊಂದಿಗೆ ಯುದ್ಧ ಶುರುವಾಗಿ ಚಿತ್ರ ಕೊಳ್ಳುವವರೇ ಇಲ್ಲವಾದರು. ಮಕ್ಕಳ ಭಾರ ಹೊತ್ತ ಗಂಡ ಆ ಚಿಂತೆಯಲ್ಲೇ ಕುಸಿದು, ಒಂದೂವರೆ ದಿನದಲ್ಲಿ ಸತ್ತುಹೋದನೆಂದು ಅವಳೇ ತನ್ನ ಅರ್ಜಿಯಲ್ಲಿ ತಿಳಿಸಿದ್ದಾಳೆ. 1675ರ ಡಿಸೆಂಬರ್ 15ರಂದು ಅವನ ಶವಸಂಸ್ಕಾರವಾಯಿತು. ಆಗ ಅವನಿಗೆ 43.

ಪ್ರಶ್ನೆ: ಪೆಟ್ಟಿಗೆಯೊಳಗೆ ಚಿತ್ರ ಮೂಡಿಸುವ ಯಂತ್ರವನ್ನು ವರ್ಮೀರ್ ನಿಜಕ್ಕೂ ಬಳಸಿದನೇ? (ಕಲಬುರಗಿಯ ಓದುಗರು)

ಉತ್ತರ: ಅದು ಕ್ಯಾಮೆರಾ ಅಬ್ಸ್ಕ್ಯೂರಾ. ಕಾದಂಬರಿಯಲ್ಲಿ ಸೂಕ್ಷ್ಮದರ್ಶಕದ ಲೇವನ್‌ಹುಕ್‌ನಿಂದ ಎರವಲು ತರುತ್ತಾನೆ. ಇಬ್ಬರೂ 1632ರಲ್ಲಿ ಡೆಲ್ಫ್ಟಿನಲ್ಲೇ ಹುಟ್ಟಿದವರು, ಮನೆತನದ ಸಾಲಸೋಲ ನೋಡಿಕೊಳ್ಳಲು 1676ರಲ್ಲಿ ನೇಮಕವಾದದ್ದೂ ಲೇವನ್‌ಹುಕ್. ಆದರೆ ಇಬ್ಬರಿಗೂ ಸ್ನೇಹವಿತ್ತೆನ್ನಲು ಪುರಾವೆ ಇಲ್ಲ, ಸಾಮಾನಿನ ಪಟ್ಟಿಯಲ್ಲಿ ಅಂಥ ಪೆಟ್ಟಿಗೆಯೂ ಇಲ್ಲ. ಹಲವು ಚಿತ್ರಗಳಲ್ಲಿ ಗೆರೆಗಳೆಲ್ಲ ಕೂಡುವ ಬಿಂದುವಿನಲ್ಲಿ ಸೂಜಿಯ ತೂತು ಸಿಕ್ಕಿದೆ: ಮೊಳೆ ಚುಚ್ಚಿ, ಸುಣ್ಣ ಬಳಿದ ದಾರ ಎಳೆದು ಗೆರೆ ಹಾಕಿದ ಗುರುತು ಅದು. ಹಾಲು ಸುರಿಯುವ ಹೆಂಗಸಿನ ಚಿತ್ರದಲ್ಲಿ ಬ್ರೆಡ್ಡಿನ ಮೇಲೆ ಬೆಳಕಿನ ಚುಕ್ಕಿಗಳಿವೆ. ಮಸೂರದಲ್ಲಿ ಅಂಥ ಚುಕ್ಕಿ ಮೂಡುವುದು ಹೊಳೆಯುವ ವಸ್ತುವಿನ ಮೇಲೆ, ಬ್ರೆಡ್ಡಿನ ಮೇಲಲ್ಲ. ಪೆಟ್ಟಿಗೆಯಲ್ಲಿ ನೋಡಿ ಕಲಿತಿರಬಹುದು, ಅದರಲ್ಲಿ ಕಂಡದ್ದನ್ನು ನಕಲಿಸಲಿಲ್ಲ ಎಂಬುದು ನಮ್ಮ ನಿಲುವು.

ಪ್ರಶ್ನೆ: ಮಗನ ಮನೆಗೆಂದು ಆಮ್‌ಸ್ಟರ್‌ಡ್ಯಾಮಿಗೆ ಹೋಗುತ್ತಿದ್ದೇವೆ. ಚಿತ್ರ ಅಲ್ಲೇ ನೋಡಲು ಸಿಗುತ್ತದೆಯೇ? (ಬೆಂಗಳೂರಿನ ದಂಪತಿ)

ಉತ್ತರ: ಇಲ್ಲ, ಅದಿರುವುದು ದ ಹೇಗ್‌ನ ಮಾರಿಟ್ಸ್‌ಹೌಸ್‌ನಲ್ಲಿ. ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ, ಟಿಕೆಟ್ ಮೊದಲೇ ಕಾಯ್ದಿರಿಸಿ. ಹಾಲು ಸುರಿಯುವ ಹೆಂಗಸು ಮಾತ್ರ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮ್ಮಿನಲ್ಲೇ ಇದ್ದಾಳೆ. ದ ಹೇಗ್‌ನಿಂದ ಡೆಲ್ಫ್ಟಿಗೆ ಕಾಲು ಗಂಟೆ. ವರ್ಮೀರನ ಮನೆ ಉಳಿದಿಲ್ಲ, ಮೂಲಚಿತ್ರ ಒಂದೂ ಅಲ್ಲಿಲ್ಲ. ಹಳೆಯ ಚರ್ಚಿನಲ್ಲಿ ಸಮಾಧಿಯ ಕಲ್ಲಿದೆ.

ಚಿತ್ರದ ಮುಂದೆ ನಿಂತಾಗ ಓಲೆ ನೋಡಿ ಮುಗಿಸಿಬಿಡಬೇಡಿ, ಹಿನ್ನೆಲೆಯನ್ನೂ ನೋಡಿ. ಕಪ್ಪಾಗಿ ಕಾಣುವ ಆ ಜಾಗ ಮೊದಲು ಹಸಿರು ಪರದೆಯಾಗಿತ್ತು. ನೀಲಿಗಿಡದ ನೀಲಿಯನ್ನೂ ವೆಲ್ಡ್ ಎಂಬ ಗಿಡದ ಹಳದಿಯನ್ನೂ ಬೆರೆಸಿ ತೆಳ್ಳಗೆ ಬಳಿದಿದ್ದ. ಆ ಕಾಲದಲ್ಲಿ ಡಚ್ ಕಂಪನಿಯವರು ಗುಜರಾತಿನ ಸರ್ಖೇಜ್‌ನಿಂದಲೂ ಕೋರಮಂಡಲ ತೀರದಿಂದಲೂ ನೀಲಿ ಕೊಂಡು ಸಾಗಿಸುತ್ತಿದ್ದರು. ಗಿಡದ ಬಣ್ಣಗಳು ಬೆಳಕಿಗೆ ಮಾಸುತ್ತವೆ, ಪರದೆಯೂ ಹಾಗೆ ಮಾಸಿಹೋಯಿತು. ಬಲಗಡೆ ಮೇಲಿನ ಮೂಲೆಯಲ್ಲಿದ್ದ ಅದರ ನೆರಿಗೆಗಳು 2018ರ ಪರೀಕ್ಷೆಯಲ್ಲಿ ಗೋಚರಿಸಿದವು. ಇಲ್ಲವೇ ಇಲ್ಲವೆಂದು ಎಲ್ಲರೂ ಹೇಳುತ್ತಿದ್ದ ರೆಪ್ಪೆಗೂದಲುಗಳೂ ಆಗಲೇ ಸಿಕ್ಕವು, ಎರಡೂ ಕಣ್ಣಿಗೆ, ಕೂದಲೆಳೆಯಷ್ಟು ಸಣ್ಣಗೆ.