ಇಂಪ್ಲಾಂಟ್ ಹಾಕುವ ಮೊದಲು ದವಡೆಗೆ ಮೂಳೆ ಏಕೆ ತುಂಬುತ್ತಾರೆ?

ಕಲಬುರಗಿಯಲ್ಲಿ ಅವ್ವನಿಗೆ ಇಂಪ್ಲಾಂಟ್ ಹಾಕಿಸಲು ಹೋದರೆ, ಮೊದಲು ಮೂಳೆ ತುಂಬಿ ತಿಂಗಳುಗಟ್ಟಲೆ ಕಾಯಬೇಕು ಎಂದರಂತೆ, ಏಕೆ ಎಂದು ಕೇಳಿದ್ದೀರಿ.

ಕೃತಕ ಹಲ್ಲನ್ನು ಹಿಡಿದಿಡುವ ಇಂಪ್ಲಾಂಟ್ ಎಂಬ ಟೈಟಾನಿಯಂ ತಿರುಪು ಗಟ್ಟಿಯಾಗಿ ಕೂರುವಷ್ಟು ಮೂಳೆ ಅಲ್ಲಿ ಉಳಿದಿಲ್ಲ, ಅದಕ್ಕೆ. ತಿರುಪಿನ ದಪ್ಪ ಸಾಮಾನ್ಯವಾಗಿ 4 ಮಿ.ಮೀ. ಆಸುಪಾಸು, ಸುತ್ತಲೂ ಕನಿಷ್ಠ 1ರಿಂದ 1.5 ಮಿ.ಮೀ. ಮೂಳೆ ಬೇಕು. ಕಟಕ್ ಜೋಳದ ರೊಟ್ಟಿ ಅಗಿಯುವಾಗ ಹಲ್ಲಿನ ಬೇರಿನ ಮೂಲಕ ದವಡೆಗೆ ಒತ್ತಡ ತಲುಪುತ್ತದೆ. ಆ ಒತ್ತಡವೇ ಮೂಳೆಯನ್ನು ಉಳಿಸುವುದು. ಹಲ್ಲು ಕಿತ್ತ ಮೇಲೆ ಅದು ನಿಂತು, ದೇಹ ಅಲ್ಲಿನ ಮೂಳೆಯನ್ನು ಕರಗಿಸುತ್ತದೆ. ಮೊದಲ ವರ್ಷದಲ್ಲೇ ಹೆಚ್ಚು ಕರಗುತ್ತದೆ.

ತುಂಬುವುದು ಅವರದೇ ಗದ್ದದ ಮೂಳೆಯ ಚೂರು, ಇಲ್ಲವೇ ಸಂಸ್ಕರಿಸಿದ ದನದ ಮೂಳೆಯ ಹರಳು. (ದನದ್ದು ಬೇಡವಾದರೆ ಮೊದಲೇ ಹೇಳಿ, ಕೃತಕ ಹರಳೂ ಇದೆ.) ಹರಳು ಬರೀ ಆಸರೆ. ಅದರ ಸಂದಿಗಳಲ್ಲಿ ರಕ್ತನಾಳಗಳು ಹೊಕ್ಕು ಸ್ವಂತ ಮೂಳೆ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ತಿಂಗಳು ಬೇಕು. ಈ ಅವಧಿಯಲ್ಲಿ ತಂಬಾಕು ಪೂರ್ತಿ ಬಿಡಲೇಬೇಕು, ಶುಗರ್ ಹತೋಟಿಯಲ್ಲಿರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ತುಂಬಿದ ಮೂಳೆ ಹಿಡಿಯದೇ ಹೋಗಬಹುದು.

ಒಪ್ಪುವ ಮೊದಲು, ಸಿಬಿಸಿಟಿ ಎಂಬ ಮೂರು ಆಯಾಮದ ಎಕ್ಸ್‌ರೇಯಲ್ಲಿ ಮೂಳೆಯ ಅಗಲ ಎಷ್ಟಿದೆ ತೋರಿಸಿ ಎಂದು ಡಾಕ್ಟರನ್ನು ಕೇಳಿ.