ಇಂಪ್ರೆಷನಿಸ್ಟ್ ಶೈಲಿಯ ತೋಟದ ಚಿತ್ರಕ್ಕೆ ಇನ್ನೂ ಯಾವ ಹಸಿರು ಬೇಕು?

ಚಿತ್ರ ಮಂಕಾಗಿದೆ, ಬೆಳಗಿನ ಖುಷಿ ಬರ್ತಿಲ್ಲ, ಇನ್ನೆರಡು ಹಸಿರು ಟ್ಯೂಬ್ ತಂದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಹೋಗಲ್ಲ. ನಾನು ತಂದು ನೋಡಿದ್ದೇನೆ.

ಇಂಪ್ರೆಷನಿಸ್ಟ್ ಶೈಲಿ ಅಂದರೆ ಆ ಕ್ಷಣದ ಬೆಳಕನ್ನು ಚಿಕ್ಕ ಚಿಕ್ಕ ಬ್ರಷ್ ಏಟುಗಳಲ್ಲಿ ಹಿಡಿಯೋದು. ಹಾಗೆ ನಾನು ಬರೆಯುತ್ತಿದ್ದದ್ದು ನಮ್ಮ ಹಿತ್ತಲು. ಬೆಳಿಗ್ಗೆ ಎಂಟು ಗಂಟೆ, ಗುಡಿಸಿದ ನೆಲದ ಮೇಲೆ ನುಗ್ಗೆ ಮರದ ನೆರಳು, ಪಕ್ಕದಲ್ಲೇ ಕನಕಾಂಬರದ ಸಾಲು. ಮೂರು ಭಾನುವಾರ ಕೂತು ಮುಗಿಸಿದೆ. ಅಜ್ಜಿ ನೋಡಿ, "ಸಂಜೆ ಬರೆದ್ಯಾ? ಮಳೆ ಬರೋ ಹಾಗಿದೆ" ಅಂದರು.

ತಪ್ಪು ಒಂದೇ, ನೆರಳಿಗೆ ಕಪ್ಪು ಬೆರೆಸಿದ್ದು. ನೆರಳು ಅಂದರೆ ಕತ್ತಲೆ, ಕತ್ತಲೆ ಅಂದರೆ ಕಪ್ಪು ಅಂದುಕೊಂಡಿದ್ದೆ. ಎಲೆಯ ನೆರಳಿಗೆ ಹಸಿರು ಜೊತೆ ಕಪ್ಪು, ನೆಲಕ್ಕೆ ಕಂದು ಜೊತೆ ಕಪ್ಪು. ಕನಕಾಂಬರದ ಕಿತ್ತಳೆಗೆ ಒಂಚೂರು ಕಪ್ಪು ಸೇರಿಸಿದ್ದೇ ತಡ, ಮೊನ್ನೆ ಮುಡಿದ ಹೂವಿನ ಹಾಗೆ ಬಾಡಿಹೋಯಿತು. ಹಳದಿಗೆ ಸೇರಿಸಿದರೆ ಪಾಚಿ ಬಣ್ಣ. ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ಬ್ರಷ್, ಬ್ರಷ್ ತೊಳೆಯೋಕೂ ಅದೇ ಟರ್ಪಂಟೈನ್, ಹಾಗಾಗಿ ಆಕಾಶಕ್ಕೂ ಬಿಸಿಲಿಗೂ ಕಪ್ಪು ಹತ್ತಿತು. ಮೇಲೆ ಎಷ್ಟು ಹೊಸ ಹಸಿರು ಹಚ್ಚಿದರೂ ನೆರಳು ಗುಂಡಿ ತೋಡಿದ ಹಾಗೇ ಕಾಣುತ್ತಿತ್ತು.

ಬಿಸಿಲು ಬೀಳದ ಜಾಗಕ್ಕೂ ಮೇಲಿನ ನೀಲಿ ಆಕಾಶದ ಬೆಳಕು ಬೀಳುತ್ತಲೇ ಇರುತ್ತದೆ, ಅಲ್ವಾ? ಅದಕ್ಕೇ ಆ ನೆರಳಲ್ಲಿ ನೀಲಿ ಇರುತ್ತದೆ. ಇಂಪ್ರೆಷನಿಸ್ಟ್ ಚಿತ್ರಕಾರ ಕ್ಲಾಡ್ ಮೊನೆ 1881ರಲ್ಲಿ ಫ್ರಾನ್ಸಿನ ವೆತೈ ಊರಿನ ತಮ್ಮ ತೋಟ ಬರೆದಿದ್ದಾರೆ. ಎರಡೂ ಕಡೆ ಸೂರ್ಯಕಾಂತಿ, ನಡುವಿನ ದಾರಿ ಮೇಲೆ ಬಿದ್ದ ನೆರಳೆಲ್ಲ ನೀಲಿ-ನೇರಳೆ. ಯಾವ ಬಣ್ಣ ಬಳಸುತ್ತೀರಿ ಅಂತ 1905ರಲ್ಲಿ ಕೇಳಿದ್ದಕ್ಕೆ ಅವರು ಹೇಳಿದ್ದು ಆರೇ ಆರು: ಬಿಳಿ, ಕ್ಯಾಡ್ಮಿಯಂ ಹಳದಿ, ವರ್ಮಿಲಿಯನ್ ಕೆಂಪು, ಮ್ಯಾಡರ್ ಕೆಂಪು, ಕೋಬಾಲ್ಟ್ ನೀಲಿ, ಎಮರಾಲ್ಡ್ ಹಸಿರು. ಹಸಿರು ಒಂದೇ. ಕಪ್ಪು ಇಲ್ಲವೇ ಇಲ್ಲ. ಇನ್ನೊಬ್ಬ ಇಂಪ್ರೆಷನಿಸ್ಟ್ ಚಿತ್ರಕಾರ ರೆನ್ವಾ ಕಪ್ಪು ಬಳಸುತ್ತಿದ್ದರು ನಿಜ, ಆದರೆ ಅವರ ಕೈ ಪಳಗಿದ ಕೈ. ನೀವು ಸದ್ಯಕ್ಕೆ ಆ ಟ್ಯೂಬ್ ಎತ್ತಿಡಿ.

ನಾನು ನೆಲದ ನೆರಳನ್ನೆಲ್ಲ ಚಾಕುವಿನಿಂದ ಕೆರೆದು ತೆಗೆದೆ. ಅಲ್ಟ್ರಾಮರೀನ್ ನೀಲಿ, ಅಲಿಜರಿನ್ ಕ್ರಿಮ್ಸನ್ ಅನ್ನೋ ಕಡುಗೆಂಪು, ಸ್ವಲ್ಪ ಬಿಳಿ, ಇಷ್ಟನ್ನೇ ಬೆರೆಸಿ ಚಿಕ್ಕ ಚಿಕ್ಕ ಏಟುಗಳಲ್ಲಿ ಹಚ್ಚಿದೆ. ಬಿಸಿಲಲ್ಲಿದ್ದ ಕನಕಾಂಬರವನ್ನು ಮುಟ್ಟಲೂ ಇಲ್ಲ, ಆದರೂ ಪಕ್ಕಕ್ಕೆ ನೀಲಿ ಬಂದ ತಕ್ಷಣ ಆ ಕಿತ್ತಳೆ ಹೊತ್ತಿಕೊಂಡ ಹಾಗಾಯಿತು. ಆಗ ಬೆಳಗಾಯಿತು ನನ್ನ ಚಿತ್ರದಲ್ಲಿ.

ಅಂಗಡಿಗೆ ಹೋಗೋ ಮೊದಲು ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ಆಕಾಶ ತಿಳಿಯಾಗಿದ್ದರೆ ಒಂದು ಬಿಳಿ ಹಾಳೆ ತಗೊಂಡು ಅರ್ಧ ಬಿಸಿಲಿಗೆ, ಅರ್ಧ ನೆರಳಿಗೆ ಇಡಿ. ಸುಮ್ನೆ ಐದು ನಿಮಿಷ ನೋಡ್ತಾ ಕೂತ್ಕೊಳ್ಳಿ. ನೆರಳಿನ ಅರ್ಧದಲ್ಲಿ ಕಾಣುವ ಬಣ್ಣವನ್ನೇ ಮೊದಲು ಬೆರೆಸಿ, ಹಸಿರು ಆಮೇಲೆ.